ಪಟ್ಟಿಯಲ್ಲಿ ಕಾಣದ ಮಾಡ್ಯೂಲ್ ಕರ್ನಲ್‌ನಲ್ಲಿಲ್ಲ ಎನ್ನಬಹುದೇ?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಕಳೆದ ವಾರ ಲಿನಕ್ಸ್ ಬಳಕೆದಾರರಿಗೆಂದು ಪ್ರಕಟವಾದ ಪ್ರಶ್ನೋತ್ತರವನ್ನು ಆಸಕ್ತಿಯಿಂದ ಓದಿದೆ. ಒಂದು ಕರ್ನಲ್ ಮಾಡ್ಯೂಲ್ ಲೋಡ್ ಆಗಿದೆಯೋ ಇಲ್ಲವೋ ಎಂಬುದನ್ನು ಪತ್ತೆ ಹಚ್ಚುವುದು ಹೇಗೆ ಎಂದು ಓದುಗರೊಬ್ಬರು ಕೇಳಿದ್ದರು. ಎಲ್‌ಎಸ್‌ಮಾಡ್ ಎಂಬ ಕಮಾಂಡ್ ಕೊಟ್ಟು, ಬಂದ ಪಟ್ಟಿಯನ್ನು ಪಠ್ಯದಲ್ಲಿ ಪದ ಹುಡುಕುವ ಗ್ರೆಪ್ ಎಂಬ ಕಮಾಂಡಿನಿಂದ ಸೋಸಿ, ಹೆಸರು ಕಂಡರೆ ಲೋಡ್ ಆಗಿದೆ, ಕಾಣದಿದ್ದರೆ ಆಗಿಲ್ಲ ಎಂದು ತಿಳಿಯಿರಿ ಎಂದು ಅಂಕಣಕಾರರು ಎರಡೇ ಸಾಲಿನಲ್ಲಿ ಉತ್ತರ ಮುಗಿಸಿದ್ದರು. ಈ ಉತ್ತರ ಸುಳ್ಳೆಂದು ನಾನು ಹೇಳುತ್ತಿಲ್ಲ. ಮನೆಯ ಲ್ಯಾಪ್‌ಟಾಪಿನ ಮುಂದೆ ಕುಳಿತವರಿಗೆ ಬಹಳಷ್ಟು ಸಲ ಇಷ್ಟರಿಂದಲೇ ಕೆಲಸ ನಡೆದುಹೋಗುತ್ತದೆ. ಆದರೆ ಹೆಸರು ಕಂಡರೆ ಇದೆ ಎಂಬ ಮೊದಲ ಮಾತೂ, ಕಾಣದಿದ್ದರೆ ಇಲ್ಲ ಎಂಬ ಎರಡನೆಯ ಮಾತೂ ಬೇರೆಬೇರೆ ಕಾರಣಗಳಿಂದ ಕೈಕೊಡುವಂಥವು. ಸರ್ವರ್‌ಗಳನ್ನು ನೋಡಿಕೊಳ್ಳುವುದನ್ನೇ ವೃತ್ತಿಯಾಗಿಸಿಕೊಂಡಿರುವ ನಾನು ಈ ಎರಡೂ ಬಗೆಯಲ್ಲಿ ಎಡವಿದ್ದೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ. ಸ್ಥಳಾವಕಾಶ ನೋಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. (ಕನ್ನಡ ಲಿಪಿಗೆ ಬಂದೊಡನೆ ಇದೂ ಸೇನೆಯ ಕರ್ನಲ್ ಹುದ್ದೆಯೂ ಒಂದೇ ಆಗಿಬಿಡುತ್ತವೆ. ತಿರುಳು ಎಂದೇ ಬರೆಯೋಣವೆಂದರೆ ಕೆಲಸದ ಜಾಗದಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಹಾಗಾಗಿ ರೂಢಿಯನ್ನೇ ಹಿಡಿದಿದ್ದೇನೆ.) ಮೆಮೊರಿ, ಡಿಸ್ಕ್, ನೆಟ್‌ವರ್ಕ್, ಕೀಲಿಮಣೆ ಎಲ್ಲದರ ಮೇಲಿನ ಕೊನೆಯ ಅಧಿಕಾರ ಅದರದ್ದು. ಜಗತ್ತಿನ ಸಕಲ ಸಾಧನಗಳ ಡ್ರೈವರ್‌ಗಳನ್ನೂ (ಆಯಾ ಸಾಧನವನ್ನು ನಡೆಸುವ ತಂತ್ರಾಂಶಗಳನ್ನೂ) ಅದರೊಳಗೇ ತುಂಬಿಸಿಟ್ಟರೆ ಅದು ಸುಮ್ಮನೆ ಊದಿಕೊಳ್ಳುತ್ತದೆ ಎಂಬ ಕಾರಣಕ್ಕೆ ಬೇಕಾದಾಗ ಸೇರಿಸಿಕೊಂಡು, ಬೇಡವಾದಾಗ ಕಳಚಿಡಬಹುದಾದ ತುಂಡುಗಳನ್ನು ಮಾಡಿಕೊಂಡರು; ಅವೇ ಮಾಡ್ಯೂಲ್‌ಗಳು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಲಿನಕ್ಸ್ ಕರ್ನಲ್ಲನ್ನು ಕಟ್ಟುವವರ ಮುಂದೆ ಇಂಥ ಒಂದೊಂದು ಸೌಲಭ್ಯದ ವಿಷಯದಲ್ಲೂ ಸಾಮಾನ್ಯವಾಗಿ ಮೂರು ಆಯ್ಕೆಗಳಿರುತ್ತವೆ. ಅದನ್ನು ಬಿಟ್ಟುಬಿಡಬಹುದು, ಪ್ರತ್ಯೇಕ ಮಾಡ್ಯೂಲ್ ಆಗಿ ಇಡಬಹುದು, ಇಲ್ಲವೇ ಕರ್ನಲ್‌ನೊಳಗೇ ಹೆಣೆದುಬಿಡಬಹುದು. ಅಂಕಣಕಾರರ ಉತ್ತರದಲ್ಲಿ ಈ ಮೂರನೆಯ ಆಯ್ಕೆಗೆ ಜಾಗವೇ ಇಲ್ಲ.

ಎಲ್‌ಎಸ್‌ಮಾಡ್ ಮಾಡುವುದು ಬಹಳ ಸಣ್ಣ ಕೆಲಸ. ಪ್ರಾಕ್ ಡೈರೆಕ್ಟರಿಯಲ್ಲಿ ಮಾಡ್ಯೂಲ್ಸ್ ಎಂಬ ಹೆಸರಿನ ಒಂದು ಕಡತವಿದೆ. ಡಿಸ್ಕಿನ ಮೇಲೆ ಅದು ಎಲ್ಲೂ ಇರುವುದಿಲ್ಲ, ಓದಿದ ಕ್ಷಣದಲ್ಲಿ ಕರ್ನಲ್ ಅದನ್ನು ಬರೆದುಕೊಡುತ್ತದೆ. ಅದರ ಒಂದೊಂದು ಸಾಲಿನಲ್ಲೂ ಮಾಡ್ಯೂಲಿನ ಹೆಸರು, ಬೈಟ್‌ಗಳಲ್ಲಿ ಅದರ ಗಾತ್ರ, ಅದು ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಎಣಿಕೆ, ಅದನ್ನು ನೆಚ್ಚಿಕೊಂಡಿರುವ ಇತರ ಮಾಡ್ಯೂಲ್‌ಗಳ ಹೆಸರು, ಸದ್ಯದ ಸ್ಥಿತಿ, ಮೆಮೊರಿಯಲ್ಲಿ ಅದರ ವಿಳಾಸ ಹೀಗೆ ಆರು ಅಂಶಗಳಿರುತ್ತವೆ. ಎಲ್‌ಎಸ್‌ಮಾಡ್ ಇವುಗಳಲ್ಲಿ ಮೊದಲ ನಾಲ್ಕನ್ನು ಅಂದವಾಗಿ ಕಂಬಸಾಲು ಮಾಡಿ ತೋರಿಸುತ್ತದೆ, ಕೊನೆಯ ಎರಡನ್ನು ಕೈಬಿಡುತ್ತದೆ. 2003ರ ಡಿಸೆಂಬರ್‌ನಲ್ಲಿ ಬಂದ 2.6 ಆವೃತ್ತಿಗೆ ಮೊದಲು ಈ ಮಾಹಿತಿಯನ್ನು ಕರ್ನಲ್ಲಿಗೆ ಕೇಳಲೆಂದೇ ಕ್ವೆರಿ ಮಾಡ್ಯೂಲ್ ಎಂಬ ಸಿಸ್ಟಮ್ ಕಾಲ್ (ಪ್ರೋಗ್ರಾಮ್ ಕರ್ನಲ್ಲನ್ನು ನೇರವಾಗಿ ಕೇಳುವ ಕರೆ) ಇತ್ತು; ಮಾಡ್ಯೂಲ್ ಲೋಡ್ ಮಾಡುವ ವ್ಯವಸ್ಥೆಯನ್ನು ಆಗ ಹೊಸದಾಗಿ ಬರೆದಾಗ ಅದನ್ನು ತೆಗೆದುಹಾಕಿದರು. ಹಾಗಾಗಿ ಇಂದು ಲಿನಕ್ಸ್‌ನಲ್ಲಿ ಈ ಪ್ರಶ್ನೆ ಕೇಳುವುದೆಂದರೆ ಯಾವುದೋ ಒಂದು ಪಠ್ಯ ಕಡತವನ್ನು ಓದುವುದು ಎಂದೇ ಅರ್ಥ, ಮತ್ತು ಆ ಕಡತ ಯಾವುದು ಎಂಬುದರ ಮೇಲೆ ಉತ್ತರವೂ ಬದಲಾಗುತ್ತದೆ.

ಕಾಣದಿದ್ದರೆ ಇಲ್ಲ ಎಂಬ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. ಮಾಡ್ಯೂಲ್ಸ್ ಕಡತವು ಹೊರಗಿನಿಂದ ಬಂದು ಸೇರಿಕೊಂಡವರ ಹಾಜರಿ ಪುಸ್ತಕವಿದ್ದಂತೆ. ಹುಟ್ಟಿನಿಂದ ಮನೆಯಲ್ಲೇ ಇರುವವರ ಹೆಸರು ಅದರಲ್ಲಿ ಬರುವುದಿಲ್ಲ. ಲಿನಕ್ಸ್‌ನ ಕೆಲವು ವಿತರಣೆಗಳಲ್ಲಿ (ಬೇರೆಬೇರೆ ತಂಡಗಳು ಹೊರತರುವ ರೂಪಗಳಲ್ಲಿ) ಎಕ್ಸ್ಟ್4 ಎಂಬ ಫೈಲ್‌ಸಿಸ್ಟಮ್ಮನ್ನು, ಅಂದರೆ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆಯನ್ನು, ಕರ್ನಲ್‌ನೊಳಗೇ ಹೆಣೆದಿರುತ್ತಾರೆ. ಅಂಥ ಗಣಕದಲ್ಲಿ ಎಲ್‌ಎಸ್‌ಮಾಡ್ ಪಟ್ಟಿಯನ್ನು ಎಷ್ಟು ಸೋಸಿದರೂ ಎಕ್ಸ್ಟ್4 ಸಿಗುವುದಿಲ್ಲ, ಆದರೆ ಎಲ್‌ಎಸ್‌ಮಾಡ್ ಎಂಬ ಆ ಪ್ರೋಗ್ರಾಮ್ ಕುಳಿತಿರುವುದೇ ಎಕ್ಸ್ಟ್4 ಡಿಸ್ಕಿನ ಮೇಲೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದೆಂದರೆ ಇದೇ. ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗರು ಇಂಥ ಸಂದರ್ಭದಲ್ಲಿ ಮಾಡ್ಯೂಲ್ ನಾಪತ್ತೆಯಾಗಿದೆ ಎಂದು ಗಾಬರಿಗೊಂಡು ಕರ್ನಲ್ಲನ್ನೇ ಮರುಸ್ಥಾಪಿಸಲು ಹೊರಟಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಒಳಗೇ ಹೆಣೆದದ್ದನ್ನು ತಿಳಿಯಲು ಬೇರೆ ದಾರಿಗಳಿವೆ. ಲಿಬ್ ಮಾಡ್ಯೂಲ್ಸ್ ಡೈರೆಕ್ಟರಿಯಲ್ಲಿ, ಈಗ ಓಡುತ್ತಿರುವ ಕರ್ನಲ್ ಆವೃತ್ತಿಯ ಹೆಸರಿನ ಉಪಡೈರೆಕ್ಟರಿಯೊಳಗೆ ಮಾಡ್ಯೂಲ್ಸ್ ಡಾಟ್ ಬಿಲ್ಟಿನ್ ಎಂಬ ಕಡತವಿರುತ್ತದೆ. ಕರ್ನಲ್ ಕಟ್ಟುವಾಗ ಒಳಗೆ ಸೇರಿಸಿದವುಗಳ ಹೆಸರು ಅದರಲ್ಲಿದೆ. ಸಿಸ್ ಡೈರೆಕ್ಟರಿಯೊಳಗಿನ ಮಾಡ್ಯೂಲ್ ಎಂಬ ಭಾಗವನ್ನೂ ನೋಡಬಹುದು. ಅಲ್ಲಿ ಲೋಡ್ ಆದ ಪ್ರತಿಯೊಂದು ಮಾಡ್ಯೂಲಿಗೂ ಅದರದೇ ಹೆಸರಿನ ಡೈರೆಕ್ಟರಿ ಇರುತ್ತದೆ. ಒಳಗೇ ಹೆಣೆದವುಗಳಿಗೆ ಮಾತ್ರ ಒಂದು ಷರತ್ತಿದೆ: ಕನಿಷ್ಠ ಒಂದು ಪ್ಯಾರಾಮೀಟರ್ (ಹೊಂದಿಸಬಹುದಾದ ಆಯ್ಕೆ) ಇಲ್ಲವೇ ಒಂದು ಆವೃತ್ತಿ ಸಂಖ್ಯೆ ಇದ್ದರಷ್ಟೇ ಅವು ಅಲ್ಲಿ ಮುಖ ತೋರಿಸುತ್ತವೆ. ಆದ್ದರಿಂದ ಸಿಸ್‌ನಲ್ಲಿ ಡೈರೆಕ್ಟರಿ ಕಂಡರೆ ಅದು ಕರ್ನಲ್‌ನಲ್ಲಿದೆ ಎಂದು ಧೈರ್ಯವಾಗಿ ಹೇಳಬಹುದು, ಕಾಣದಿದ್ದರೆ ಲೋಡ್ ಮಾಡಿದ ಮಾಡ್ಯೂಲ್ ಅಲ್ಲ ಎಂದಷ್ಟೇ ಹೇಳಬಹುದು. ನಿಮಗೆ ಬೇಕಾಗಿರುವುದು ಸೌಲಭ್ಯವೇ ಹೊರತು ಮಾಡ್ಯೂಲಲ್ಲ ಎನ್ನುವುದಾದರೆ ನೇರವಾಗಿ ಸೌಲಭ್ಯವನ್ನೇ ವಿಚಾರಿಸುವುದು ಮೇಲು. ಫೈಲ್‌ಸಿಸ್ಟಮ್ ಬೇಕಿದ್ದರೆ ಪ್ರಾಕ್‌ನಲ್ಲಿರುವ ಫೈಲ್‌ಸಿಸ್ಟಮ್ಸ್ ಕಡತವು, ಒಳಗಿನದೋ ಹೊರಗಿನದೋ ಎಂಬ ಭೇದವೆಣಿಸದೆ, ಸದ್ಯ ಕರ್ನಲ್ಲಿಗೆ ಗೊತ್ತಿರುವ ಎಲ್ಲವನ್ನೂ ಹೇಳುತ್ತದೆ.

ಇನ್ನು ಹೆಸರು ಕಂಡರೆ ಇದೆ ಎಂಬ ಮಾತು. ಇದರಿಂದ ನನ್ನ ಒಂದು ಇಡೀ ರಾತ್ರಿ ಹಾಳಾಗಿದೆ. ನಾನು ಆಗ ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲಿ ಭದ್ರತೆಯ ದೃಷ್ಟಿಯಿಂದ ಒಂದು ಕ್ರಮವನ್ನು ಇಟ್ಟುಕೊಂಡಿದ್ದೆವು. ಸರ್ವರ್ ಚಾಲೂ ಆಗುವಾಗ ಬೇಕಾದ ಮಾಡ್ಯೂಲ್‌ಗಳನ್ನೆಲ್ಲ ಒಂದು ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಕಡತ) ಲೋಡ್ ಮಾಡುತ್ತಿತ್ತು, ಅದು ಮುಗಿದೊಡನೆ ಮಾಡ್ಯೂಲ್ಸ್ ಡಿಸೇಬಲ್ಡ್ ಎಂಬ ಕರ್ನಲ್ ಸೆಟ್ಟಿಂಗನ್ನು 1ಕ್ಕೆ ಏರಿಸುತ್ತಿತ್ತು. ಒಮ್ಮೆ ಅದನ್ನು 1 ಮಾಡಿದರೆ ಆಮೇಲೆ ಎಲ್ಲ ಅಧಿಕಾರವುಳ್ಳ ರೂಟ್ ಬಳಕೆದಾರರೂ ಸೇರಿದಂತೆ ಯಾರೂ ಹೊಸ ಮಾಡ್ಯೂಲನ್ನು ಲೋಡ್ ಮಾಡುವಂತಿಲ್ಲ, ಇರುವುದನ್ನು ತೆಗೆಯುವಂತಿಲ್ಲ, ಆ 1ನ್ನು ಮತ್ತೆ 0 ಮಾಡುವಂತೆಯೂ ಇಲ್ಲ. ರೀಬೂಟ್ ಮಾಡುವವರೆಗೆ ಬಾಗಿಲು ಮುಚ್ಚಿದಂತೆಯೇ. ಸ್ಕ್ರಿಪ್ಟ್ ಬರೆದವನು ನಾನೇ. ಪ್ರತಿಯೊಂದು ಮಾಡ್ಯೂಲಿಗೂ ಎಲ್‌ಎಸ್‌ಮಾಡ್ ಪಟ್ಟಿಯನ್ನು ಗ್ರೆಪ್‌ಗೆ ಕೊಟ್ಟು, ಹೆಸರು ಸಿಕ್ಕರೆ ಮುಂದಕ್ಕೆ ಹೋಗು, ಸಿಗದಿದ್ದರೆ ಲೋಡ್ ಮಾಡು ಎಂದು ಬರೆದಿದ್ದೆ. ಅಂಕಣಕಾರರು ಹೇಳಿದ್ದೂ ಇದನ್ನೇ.

ಒಂದು ದಿನ ಆ ಸರ್ವರ್‌ಗಳಲ್ಲಿ ಒಂದಕ್ಕೆ ಹೊಸದಾಗಿ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ (ಅಂತರ್ಜಾಲದ ಮೂಲಕ ಖಾಸಗಿ ಸಂಪರ್ಕ ಕೊಡುವಂಥದ್ದು) ಹಾಕಿದೆವು. ಅದೇ ಬಗೆಯ ಹಳೆಯ ಓಪನ್‌ವಿಪಿಎನ್ ಕೂಡ ಪಕ್ಕದಲ್ಲೇ ಮುಂದುವರಿಯಬೇಕಿತ್ತು. ಓಪನ್‌ವಿಪಿಎನ್‌ಗೆ ಬೇಕಾದ ಮಾಡ್ಯೂಲಿನ ಹೆಸರು ಟನ್, ಅಂದರೆ ರೋಮನ್ ಲಿಪಿಯಲ್ಲಿ ಟಿ, ಯು, ಎನ್ ಎಂಬ ಮೂರೇ ಅಕ್ಷರ. ವೈರ್‌ಗಾರ್ಡ್ ಲೋಡ್ ಆಗುವಾಗ ತನ್ನ ಜೊತೆಗೆ ಯುಡಿಪಿ ಟನಲ್ ಎಂಬ ಇನ್ನೊಂದು ಮಾಡ್ಯೂಲನ್ನು ಎಳೆದುಕೊಂಡು ಬರುತ್ತದೆ. ಟನಲ್ ಎಂಬ ಪದದ ಮೊದಲ ಮೂರು ಅಕ್ಷರಗಳೂ ಅವೇ ಟಿ, ಯು, ಎನ್. ಪಟ್ಟಿಯಲ್ಲಿ ಆ ಮೂರು ಅಕ್ಷರ ಸಿಕ್ಕೊಡನೆ ಗ್ರೆಪ್ ಹೌದೆಂದಿತು, ನನ್ನ ಸ್ಕ್ರಿಪ್ಟ್ ಟನ್ ಈಗಾಗಲೇ ಇದೆ ಎಂದು ನಂಬಿ ಮುಂದೆ ಹೋಯಿತು, ಕೊನೆಯಲ್ಲಿ ಬಾಗಿಲು ಮುಚ್ಚಿತು. ಓಪನ್‌ವಿಪಿಎನ್ ಏಳಲಿಲ್ಲ. ಡೆವ್ ಡೈರೆಕ್ಟರಿಯ ನೆಟ್ ಭಾಗದಲ್ಲಿ ಟನ್ ಎಂಬ ಸಾಧನ ಕಡತ ಕಣ್ಣಿಗೆ ಕಾಣುತ್ತಿತ್ತು, ತೆರೆಯಹೋದರೆ ಮಾತ್ರ ಅಂಥ ಸಾಧನವಿಲ್ಲ ಎಂಬ ಉತ್ತರ ಬರುತ್ತಿತ್ತು. ಆ ಕಡತವನ್ನು ಮಾಡ್ಯೂಲ್ ಬರುವ ಮೊದಲೇ ಸಿದ್ಧಮಾಡಿ ಇಟ್ಟಿರುತ್ತಾರೆ, ಯಾರಾದರೂ ತೆರೆದಾಗ ಕರ್ನಲ್ ತಾನೇ ಮಾಡ್ಯೂಲನ್ನು ಕರೆಸಿಕೊಳ್ಳಲಿ ಎಂದು. ಬೇರೆ ಯಾವುದೇ ಗಣಕದಲ್ಲಾಗಿದ್ದರೆ ಹಾಗೆ ಕರೆಸಿಕೊಂಡು ನನ್ನ ತಪ್ಪು ಎಂದೂ ಬೆಳಕಿಗೆ ಬರುತ್ತಿರಲಿಲ್ಲ. ಇಲ್ಲಿ ಬಾಗಿಲು ಮುಚ್ಚಿದ್ದರಿಂದ ಕರೆದರೂ ಬರುವಂತಿರಲಿಲ್ಲ. ನನ್ನ ಪರೀಕ್ಷಾ ಸ್ಕ್ರಿಪ್ಟನ್ನು ಎಷ್ಟು ಸಲ ಓಡಿಸಿದರೂ ಟನ್ ಲೋಡ್ ಆಗಿದೆ ಎಂದೇ ಹೇಳುತ್ತಿತ್ತು. ಫೈರ್‌ವಾಲ್, ಪ್ರಮಾಣಪತ್ರ, ರೌಟಿಂಗ್ ಎಲ್ಲವನ್ನೂ ಜಾಲಾಡಿ ಮುಗಿಸಿ, ಬೆಳಗಿನ ಜಾವ ಬೇಸತ್ತು ಪಟ್ಟಿಯನ್ನು ಗ್ರೆಪ್ ಇಲ್ಲದೆ ಕಣ್ಣಿನಿಂದಲೇ ಓದಿದಾಗ ವಿಷಯ ತಿಳಿಯಿತು.

ಇದು ಟನ್ ಒಂದರ ಕಥೆಯಲ್ಲ. ಲೂಪ್ ಎಂದು ಹುಡುಕಿದರೆ ಎಸ್‌ಎನ್‌ಡಿ ಎಲೂಪ್ ಎಂಬ ಧ್ವನಿಯ ಮಾಡ್ಯೂಲ್ ಕೈಯೆತ್ತುತ್ತದೆ. ಅದಕ್ಕೂ ಡಿಸ್ಕ್ ಇಮೇಜ್‌ಗಳನ್ನು ಜೋಡಿಸುವ ಲೂಪ್‌ಗೂ ಯಾವ ನಂಟೂ ಇಲ್ಲ. ಹೆಸರನ್ನು ಸಾಲಿನ ಆರಂಭಕ್ಕೆ ಕಟ್ಟಿ, ಅದರ ಮುಂದೆ ಒಂದು ಖಾಲಿ ಜಾಗ ಇರಲೇಬೇಕೆಂದು ಹೇಳಿದರೆ ಈ ಗೊಂದಲ ತಪ್ಪುತ್ತದೆ. ಇನ್ನೊಂದು ಸಣ್ಣ ಕಿರಿಕಿರಿಯೂ ಇದೆ. ಡಿಸ್ಕಿನ ಮೇಲಿನ ಮಾಡ್ಯೂಲ್ ಕಡತದ ಹೆಸರಿನಲ್ಲಿ ಅಡ್ಡಗೆರೆ (-) ಇದ್ದರೂ ಕರ್ನಲ್ ತನ್ನ ಪಟ್ಟಿಯಲ್ಲಿ ಅದನ್ನು ಅಡಿಗೆರೆಯಾಗಿ (_) ಬದಲಿಸಿಕೊಂಡಿರುತ್ತದೆ. ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್ ಕಮಾಂಡ್ ಎರಡನ್ನೂ ಒಂದೇ ಎಂದು ಒಪ್ಪಿಕೊಳ್ಳುತ್ತದೆ, ಗ್ರೆಪ್ ಒಪ್ಪುವುದಿಲ್ಲ. ಹಾಗಾಗಿ ಕಡತದ ಹೆಸರನ್ನು ನೋಡಿ ಅಡ್ಡಗೆರೆಯೊಂದಿಗೆ ಹುಡುಕಿದವರಿಗೆ, ಕಣ್ಣೆದುರೇ ಕೆಲಸ ಮಾಡುತ್ತಿರುವ ಮಾಡ್ಯೂಲೂ ಸಿಗುವುದಿಲ್ಲ.

ಎಚ್ಚರಿಕೆಯಿಂದ ಸ್ಕ್ರಿಪ್ಟ್ ಬರೆಯುವವರನ್ನೇ ಹಿಡಿಯುವ ಬಲೆಯೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಸ್ಕ್ರಿಪ್ಟ್‌ಗಳನ್ನು ಓಡಿಸುವ ಬ್ಯಾಶ್‌ನಲ್ಲಿ ಪೈಪ್‌ಫೇಲ್ ಎಂಬ ಆಯ್ಕೆಯನ್ನು ಹಾಕಿದರೆ, ಪೈಪ್‌ನಲ್ಲಿ (ಒಂದರ ಫಲಿತ ಇನ್ನೊಂದಕ್ಕೆ ಹರಿಯುವಂತೆ) ಜೋಡಿಸಿದ ಕಮಾಂಡ್‌ಗಳಲ್ಲಿ ಯಾವುದು ಸೋತರೂ ಇಡೀ ಸಾಲು ಸೋತಂತೆ. ಒಳ್ಳೆಯ ಅಭ್ಯಾಸವೆಂದು ಎಲ್ಲರೂ ಇದನ್ನು ಶಿಫಾರಸು ಮಾಡುತ್ತಾರೆ. ಗ್ರೆಪ್‌ಗೆ ಸದ್ದು ಮಾಡಬೇಡ, ಸಿಕ್ಕಿತೋ ಇಲ್ಲವೋ ಅಷ್ಟೇ ಹೇಳು ಎಂಬ ಕ್ಯೂ ಆಯ್ಕೆಯನ್ನು ಕೊಟ್ಟಿದ್ದರೆ ಅದು ಹೆಸರು ಸಿಕ್ಕ ತಕ್ಷಣ ಎದ್ದು ಹೊರಟುಬಿಡುತ್ತದೆ. ಎಲ್‌ಎಸ್‌ಮಾಡ್ ಇನ್ನೂ ಪಟ್ಟಿ ಓದುತ್ತಲೇ ಇರುತ್ತದೆ, ಕೇಳುವವರಿಲ್ಲದ ಕಾರಣ ಸಿಗ್‌ಪೈಪ್ ಎಂಬ ಸಂಕೇತ ತಗುಲಿ 141 ಎಂಬ ಸಂಖ್ಯೆಯೊಂದಿಗೆ ಸಾಯುತ್ತದೆ. ಪೈಪ್‌ಫೇಲ್ ಇದನ್ನು ಸೋಲೆಂದು ಎಣಿಸಿ ಮಾಡ್ಯೂಲ್ ಇಲ್ಲ ಎಂದು ತೀರ್ಮಾನಿಸುತ್ತದೆ. ಅಂದರೆ ಮಾಡ್ಯೂಲ್ ಸಿಕ್ಕಿದ್ದೇ ಅದು ಸಿಗದಿರುವುದಕ್ಕೆ ಕಾರಣವಾಯಿತು! ಗ್ರೆಪ್ ಎಷ್ಟು ಬೇಗ ಏಳುತ್ತದೆ ಎಂಬುದರ ಮೇಲೆ ಇದು ನಿಂತಿರುವುದರಿಂದ ಒಮ್ಮೆ ಹೌದು, ಇನ್ನೊಮ್ಮೆ ಇಲ್ಲ ಎಂದು ಉತ್ತರ ತೂಗಾಡುತ್ತದೆ, ನೀವು ಪರೀಕ್ಷಿಸಲು ಕುಳಿತಾಗ ಮಾತ್ರ ಸರಿಯಾಗಿ ನಡೆಯುತ್ತದೆ. ಪೈಪ್ ಹಾಕದೆ ಗ್ರೆಪ್‌ನಿಂದ ನೇರವಾಗಿ ಪ್ರಾಕ್‌ನ ಮಾಡ್ಯೂಲ್ಸ್ ಕಡತವನ್ನೇ ಓದಿಸಿದರೆ ಈ ತಾಪತ್ರಯವೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇನೆ. ಲೋಡ್ ಆಗಿದೆಯೇ ಎಂದು ಕೇಳುವವರಲ್ಲಿ ಹೆಚ್ಚಿನವರಿಗೆ ಆ ಪ್ರಶ್ನೆಯ ಅಗತ್ಯವೇ ಇರುವುದಿಲ್ಲ. ಲೋಡ್ ಆಗಿರದಿದ್ದರೆ ಲೋಡ್ ಮಾಡಬೇಕೆಂಬ ಉದ್ದೇಶದಿಂದ ಅವರು ಕೇಳುತ್ತಿರುತ್ತಾರೆ, ಆ ಕೆಲಸಕ್ಕೆ ಮಾಡ್‌ಪ್ರೋಬ್ ಇದೆ. ಮಾಡ್ಯೂಲ್ ಈಗಾಗಲೇ ಲೋಡ್ ಆಗಿದ್ದರೆ ಅದು ತಕರಾರು ಮಾಡದೆ ಯಶಸ್ಸೆಂದೇ ಹೇಳಿ ಮುಗಿಸುತ್ತದೆ. ಕರ್ನಲ್‌ನೊಳಗೇ ಹೆಣೆದಿದ್ದರೂ ಹಾಗೆಯೇ. ಮೊದಲೇ ಇತ್ತೋ ಈಗ ಬಂತೋ ಎಂಬುದು ನಿಜಕ್ಕೂ ಬೇಕಿದ್ದರೆ ಫರ್ಸ್ಟ್ ಟೈಮ್ ಎಂಬ ಆಯ್ಕೆಯನ್ನು ಕೊಡಬಹುದು, ಆಗ ಮೊದಲೇ ಇದ್ದದ್ದನ್ನು ಅದು ತಪ್ಪೆಂದು ವರದಿ ಮಾಡುತ್ತದೆ. ನೋಡಿ ತಿಳಿದು ಆಮೇಲೆ ಮಾಡುವುದಕ್ಕಿಂತ, ಮಾಡಿಸಿ ಅದರ ಫಲಿತಾಂಶವನ್ನು ನೋಡುವುದು ಇಲ್ಲಿ ಮೇಲು. ನೋಡುವುದಕ್ಕೂ ಮಾಡುವುದಕ್ಕೂ ನಡುವಿನ ಅಂತರದಲ್ಲಿ ಬೇರೆ ಯಾರೋ ಅದೇ ಮಾಡ್ಯೂಲನ್ನು ತರಬಹುದು ಇಲ್ಲವೇ ತೆಗೆಯಬಹುದು ಎಂಬುದೂ ಒಂದು ಕಾರಣ.

ಹಾಗೆಂದು ಪ್ರಶ್ನೆಯೇ ಅರ್ಥಹೀನವೆಂದು ನಾನು ಹೇಳುತ್ತಿಲ್ಲ. ಮೇಲ್ವಿಚಾರಣೆಯ ತಂತ್ರಾಂಶ ಬರೆಯುವವರು, ದೋಷ ಹುಡುಕುವವರು, ಯಾವುದೋ ಮಾಡ್ಯೂಲ್ ಇರಲೇಬಾರದು ಎಂದು ಖಚಿತಪಡಿಸಿಕೊಳ್ಳಬೇಕಾದ ಭದ್ರತಾ ಸಿಬ್ಬಂದಿ ಇದನ್ನು ಕೇಳಲೇಬೇಕು. ಅವರಿಗೆ ಹೌದು, ಇಲ್ಲ ಎಂಬ ಎರಡು ಉತ್ತರ ಸಾಲದು. ಮಾಡ್ಯೂಲ್ ಬರುತ್ತಿರುವ ಸ್ಥಿತಿಯಲ್ಲಿರಬಹುದು, ನೆಲೆನಿಂತಿರಬಹುದು, ಹೊರಡುತ್ತಿರಬಹುದು. ಸಿಸ್‌ನಲ್ಲಿ ಆಯಾ ಮಾಡ್ಯೂಲಿನ ಡೈರೆಕ್ಟರಿಯೊಳಗಿರುವ ಇನಿಟ್‌ಸ್ಟೇಟ್ ಕಡತ ಇದನ್ನು ಕಮಿಂಗ್, ಲೈವ್, ಗೋಯಿಂಗ್ ಎಂಬ ಮೂರು ಪದಗಳಲ್ಲಿ ಹೇಳುತ್ತದೆ. ಎಲ್‌ಎಸ್‌ಮಾಡ್ ಕೈಬಿಡುವ ಎರಡು ಅಂಶಗಳಲ್ಲಿ ಒಂದು ಇದೇ. ಡ್ರೈವರ್ ತನ್ನ ಆರಂಭದ ಕೆಲಸದಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಪಟ್ಟಿಯಲ್ಲಿ ಹೆಸರಿರುತ್ತದೆ, ಆದರೆ ಅದರಿಂದ ಯಾವ ಕೆಲಸವೂ ಆಗುತ್ತಿರುವುದಿಲ್ಲ. ಸಿ ಭಾಷೆಯಲ್ಲಿ ಬರೆಯುವವರು ಕಡತಗಳನ್ನು ತಾವೇ ಕೆದಕುವ ಬದಲು ಲಿಬ್‌ಕೆಮಾಡ್ ಲೈಬ್ರರಿಯನ್ನು ಬಳಸುವುದು ಒಳಿತು. ಮೇಲಿನ ಮೂರರ ಜೊತೆಗೆ ಒಳಗೇ ಹೆಣೆದದ್ದು ಎಂಬ ನಾಲ್ಕನೆಯ ಉತ್ತರವನ್ನೂ ಅದು ಪ್ರತ್ಯೇಕವಾಗಿಯೇ ಕೊಡುತ್ತದೆ.

ಲೋಡ್ ಆಗಿದೆ ಎಂದ ಮಾತ್ರಕ್ಕೆ ಅದು ನಿಮ್ಮ ಸಾಧನವನ್ನು ಕೈಗೆತ್ತಿಕೊಂಡಿದೆ ಎಂದೂ ಅರ್ಥವಲ್ಲ. ಒಂದೇ ಗ್ರಾಫಿಕ್ಸ್ ಕಾರ್ಡಿಗೆ ಹೊಂದುವ ಎರಡು ಡ್ರೈವರ್‌ಗಳಿರಬಹುದು, ಎರಡೂ ಪಟ್ಟಿಯಲ್ಲಿರಬಹುದು, ಕಾರ್ಡ್ ಮಾತ್ರ ಒಂದರ ಕೈಯಲ್ಲೇ ಇರುತ್ತದೆ. ಗಣಕದ ಸಾಧನಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಕಮಾಂಡಿಗೆ ಕೆ ಆಯ್ಕೆಯನ್ನು ಕೊಟ್ಟರೆ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ; ಸಾಧನಕ್ಕೆ ಹೊಂದುವ ಮಾಡ್ಯೂಲ್‌ಗಳನ್ನು ಅದು ಒಂದು ಸಾಲಿನಲ್ಲೂ, ಈಗ ಬಳಕೆಯಲ್ಲಿರುವ ಡ್ರೈವರನ್ನು ಇನ್ನೊಂದು ಸಾಲಿನಲ್ಲೂ ತೋರಿಸುತ್ತದೆ. ಇನ್ನು ಲೋಡ್ ಆಗಿ, ಓಡುತ್ತಿದ್ದು, ಪಟ್ಟಿಯಲ್ಲೂ ಇರುವ ಡ್ರೈವರೇ ಗಣಕವನ್ನು ಕೆಡವಬಲ್ಲದು ಎಂಬುದನ್ನು 2024ರ ಜುಲೈ 19ರಂದು ಜಗತ್ತು ಕಂಡಿದೆ: ಕ್ರೌಡ್‌ಸ್ಟ್ರೈಕ್ ಕಂಪನಿಯ ಕರ್ನಲ್ ಡ್ರೈವರ್ ಒಂದು ದೋಷಪೂರ್ಣ ದತ್ತಾಂಶ ಕಡತವನ್ನು ಓದಿದ್ದರಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಗಣಕಗಳು ಕುಸಿದವು.

ಮಾಡ್‌ಇನ್ಫೊ ಎಂಬ ಕಮಾಂಡಿನ ಬಗ್ಗೆ ಒಂದು ಮಾತು. ಇದು ಮಾಡ್ಯೂಲಿನ ಲೇಖಕರು, ಪರವಾನಗಿ, ಪ್ಯಾರಾಮೀಟರ್‌ಗಳನ್ನೆಲ್ಲ ವಿವರವಾಗಿ ಹೇಳುವುದರಿಂದ, ಮಾಹಿತಿ ಬಂತೆಂದರೆ ಲೋಡ್ ಆಗಿದೆ ಎಂದು ಅನೇಕರು ಭಾವಿಸುತ್ತಾರೆ. ಲಿನಕ್ಸ್‌ನಲ್ಲಿ ಅದು ನೋಡುವುದು ಡಿಸ್ಕಿನ ಮೇಲಿನ ಕಡತವನ್ನು. ಮೆಮೊರಿಯೊಳಗೆ ಏನಿದೆ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ತಮಾಷೆಯೆಂದರೆ ಸೋಲಾರಿಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇದೇ ಹೆಸರಿನ ಕಮಾಂಡ್ ಲೋಡ್ ಆದ ಮಾಡ್ಯೂಲ್‌ಗಳ ಪಟ್ಟಿಯನ್ನೇ ಕೊಡುತ್ತದೆ. ಅಲ್ಲಿಂದ ಇಲ್ಲಿಗೆ ಬಂದ ಹಿರಿಯರು ಈ ಕಾರಣಕ್ಕೆ ತಪ್ಪಿದರೆ ಅವರನ್ನು ದೂರುವಂತಿಲ್ಲ.

ಡಿಸ್ಕಿಗೂ ಮೆಮೊರಿಗೂ ಇರುವ ಈ ಅಂತರ ಕರ್ನಲ್ ನವೀಕರಣದ ನಂತರ ಎದ್ದು ಕಾಣುತ್ತದೆ. ಆರ್ಚ್‌ನಂಥ ವಿತರಣೆಗಳಲ್ಲಿ ಹೊಸ ಕರ್ನಲ್ ಸ್ಥಾಪಿಸಿದಾಗ ಹಳೆಯದರ ಮಾಡ್ಯೂಲ್ ಡೈರೆಕ್ಟರಿ ಅಳಿಸಿಹೋಗುತ್ತದೆ, ಓಡುತ್ತಿರುವುದು ಮಾತ್ರ ರೀಬೂಟ್ ಮಾಡುವವರೆಗೂ ಹಳೆಯ ಕರ್ನಲ್ಲೇ. ಆಗಲೇ ಲೋಡ್ ಆಗಿದ್ದವು ತಣ್ಣಗೆ ಕೆಲಸ ಮಾಡುತ್ತಿರುತ್ತವೆ. ಆಮೇಲೆ ಒಂದು ಪೆನ್‌ಡ್ರೈವ್ ಚುಚ್ಚಿದರೆ ಅದರ ಫೈಲ್‌ಸಿಸ್ಟಮ್ಮನ್ನು ಓದಬೇಕಾದ ವಿಫ್ಯಾಟ್ ಮಾಡ್ಯೂಲ್ ಸಿಗಲಿಲ್ಲ ಎಂಬ ದೂರು ಬರುತ್ತದೆ. ಪೆನ್‌ಡ್ರೈವ್ ಕೆಟ್ಟಿದೆ ಎಂದು ಎಸೆದವರೂ ಉಂಟು. ಲೋಡ್ ಆಗಿಲ್ಲ ಎಂಬುದಕ್ಕೂ ಲೋಡ್ ಆಗಲಾರದು ಎಂಬುದಕ್ಕೂ ಇರುವ ವ್ಯತ್ಯಾಸ ಇದು, ಪಟ್ಟಿಯಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ಕಂಟೇನರ್‌ಗಳಲ್ಲಿ (ಒಂದೇ ಗಣಕದೊಳಗೆ ಪ್ರೋಗ್ರಾಮ್‌ಗಳನ್ನು ಪ್ರತ್ಯೇಕಿಸಿಡುವ ಆವರಣಗಳಲ್ಲಿ) ಇದೇ ಚಿತ್ರ ತಲೆಕೆಳಗಾಗುತ್ತದೆ. ಕಂಟೇನರ್‌ಗೆ ಸ್ವಂತ ಕರ್ನಲ್ ಇರುವುದಿಲ್ಲವಾದ್ದರಿಂದ ಅದರೊಳಗೆ ಎಲ್‌ಎಸ್‌ಮಾಡ್ ಕೊಟ್ಟರೆ ಕಾಣುವುದು ಹೊರಗಿನ ಯಜಮಾನ ಗಣಕದ ಪಟ್ಟಿ, ಮಾಡ್‌ಇನ್ಫೊ ಕೊಟ್ಟರೆ ಬಹುತೇಕ ಏನೂ ಸಿಗುವುದಿಲ್ಲ.

ಭದ್ರತೆಯ ದೃಷ್ಟಿಯಿಂದ ನೋಡಿದರೆ ಪಟ್ಟಿಯ ಮೇಲಿನ ನಂಬಿಕೆ ಇನ್ನಷ್ಟು ತೆಳುವಾಗುತ್ತದೆ. ದುರುದ್ದೇಶದ ಮಾಡ್ಯೂಲ್ ಒಂದು ಕರ್ನಲ್‌ನೊಳಗೆ ಬಂದ ಮೇಲೆ ಅದರ ಅಧಿಕಾರಕ್ಕೂ ಕರ್ನಲ್‌ನ ಅಧಿಕಾರಕ್ಕೂ ಭೇದವಿಲ್ಲ. ಮಾಡ್ಯೂಲ್‌ಗಳ ಸರಪಳಿಯಿಂದ ತನ್ನ ಕೊಂಡಿಯನ್ನು ಕಳಚಿಕೊಳ್ಳುವುದು ಅದಕ್ಕೆ ಒಂದೇ ಸಾಲಿನ ಕೆಲಸ. ಆ ಕ್ಷಣದಿಂದ ಎಲ್‌ಎಸ್‌ಮಾಡ್‌ನಲ್ಲಿ ಅದು ಕಾಣುವುದಿಲ್ಲ, ಕೆಲಸ ಮಾತ್ರ ಮುಂದುವರಿಯುತ್ತದೆ. ಕಳ್ಳತನವಾಯಿತೇ ಎಂದು ಕಳ್ಳನನ್ನೇ ವಿಚಾರಿಸಿದಂತೆ. ಕೆಲವು ಮಾಡ್ಯೂಲ್‌ಗಳು ಪ್ರಾಕ್‌ನ ಪಟ್ಟಿಯಿಂದ ಕಳಚಿಕೊಂಡು ಸಿಸ್‌ನಲ್ಲಿ ಗುರುತನ್ನು ಉಳಿಸಿಬಿಡುತ್ತವೆ. ಅದಕ್ಕೇ ಮೆಮೊರಿ ತನಿಖೆಯ ವೊಲಟಿಲಿಟಿಯಂಥ ಸಾಧನಗಳು ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ್ದನ್ನು ಹುಡುಕುತ್ತವೆ. ಸಾಮಾನ್ಯ ಬಳಕೆದಾರರೂ ನೋಡಬಹುದಾದ ಒಂದು ಸುಳಿವೆಂದರೆ ಪ್ರಾಕ್‌ನೊಳಗೆ ಸಿಸ್, ಅದರೊಳಗೆ ಕರ್ನಲ್ ಡೈರೆಕ್ಟರಿಯಲ್ಲಿರುವ ಟೇಂಟೆಡ್ ಎಂಬ ಕಡತ. ಅದರಲ್ಲಿ 0 ಇದ್ದರೆ ಕಲೆಯಿಲ್ಲ. ಮುಚ್ಚಿದ ಪರವಾನಗಿಯ ಮಾಡ್ಯೂಲ್ ಬಂದಿದ್ದರೆ 1, ಕರ್ನಲ್ ಮೂಲದ ಹೊರಗೆ ಕಟ್ಟಿದ ಮಾಡ್ಯೂಲ್ ಬಂದಿದ್ದರೆ 4096, ಡಿಜಿಟಲ್ ಸಹಿಯಿಲ್ಲದ್ದು ಬಂದಿದ್ದರೆ 8192 ಸೇರುತ್ತಾ ಹೋಗುತ್ತದೆ. 12289 ಎಂದಿದ್ದರೆ ಮೂರೂ ಆಗಿವೆ ಎಂದು ಲೆಕ್ಕ. ಆ ಮಾಡ್ಯೂಲನ್ನು ಆಮೇಲೆ ತೆಗೆದುಹಾಕಿದರೂ ಈ ಕಲೆ ರೀಬೂಟ್ ಮಾಡುವವರೆಗೆ ಹೋಗುವುದಿಲ್ಲ. ಆದ್ದರಿಂದ ಈಗ ಲೋಡ್ ಆಗಿದೆಯೇ ಎಂಬುದಕ್ಕಿಂತ, ಎಂದಾದರೂ ಆಗಿತ್ತೇ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಪಳಗಿದ ದಾಳಿಕೋರರು ಇದನ್ನೂ ಒರೆಸಬಲ್ಲರು ಎಂಬುದನ್ನು ಮರೆಯಬಾರದು.

ಬೇರೆ ವ್ಯವಸ್ಥೆಗಳ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಮ್ಯಾಕ್‌ನಲ್ಲಿ ಹಿಂದೆ ಕೆಕ್ಸ್ಟ್‌ಸ್ಟ್ಯಾಟ್ ಇತ್ತು, ಈಗ ಕೆಎಂಯುಟಿಲ್ ಆ ಕೆಲಸ ಮಾಡುತ್ತದೆ. ವಿಂಡೋಸ್‌ನಲ್ಲಿ ಡ್ರೈವರ್‌ಕ್ವೆರಿ ಇದೆ. ಓಪನ್‌ಬಿಎಸ್‌ಡಿಯವರು 2015ರ 5.7 ಆವೃತ್ತಿಯ ಹೊತ್ತಿಗೆ ಲೋಡ್ ಮಾಡಬಹುದಾದ ಮಾಡ್ಯೂಲ್ ಎಂಬ ಏರ್ಪಾಡನ್ನೇ ಕೈಬಿಟ್ಟರು, ಹಾಗಾಗಿ ಅಲ್ಲಿ ಪ್ರಶ್ನೆಯೇ ಏಳುವುದಿಲ್ಲ. ನನಗೆ ಹೆಚ್ಚು ಮೆಚ್ಚುಗೆಯಾಗಿರುವುದು ಫ್ರೀಬಿಎಸ್‌ಡಿಯ ಕ್ರಮ. ಅಲ್ಲಿ ಕಡತ ಬೇರೆ, ಮಾಡ್ಯೂಲ್ ಬೇರೆ. ಒಂದು ಕಡತದೊಳಗೆ ಹಲವು ಮಾಡ್ಯೂಲ್‌ಗಳಿರಬಹುದು, ಕರ್ನಲ್ ಕೂಡ ಹಲವು ಮಾಡ್ಯೂಲ್‌ಗಳನ್ನು ಹೊತ್ತ ಒಂದು ಕಡತವೇ. ಕೆಎಲ್‌ಡಿಸ್ಟ್ಯಾಟ್ ಕಮಾಂಡಿಗೆ ಎನ್ ಆಯ್ಕೆಯೊಂದಿಗೆ ಕಡತದ ಹೆಸರನ್ನೋ, ಎಂ ಆಯ್ಕೆಯೊಂದಿಗೆ ಮಾಡ್ಯೂಲಿನ ಹೆಸರನ್ನೋ ಕೊಡಬಹುದು, ಕ್ಯೂ ಸೇರಿಸಿದರೆ ಅದು ಸದ್ದಿಲ್ಲದೆ ಹೌದು ಅಥವಾ ಇಲ್ಲ ಎಂಬ ಫಲಿತಾಂಶವನ್ನಷ್ಟೇ ಹಿಂದಿರುಗಿಸುತ್ತದೆ. ಎಂ ಆಯ್ಕೆಯಲ್ಲಿ ಒಳಗೇ ಹೆಣೆದದ್ದಕ್ಕೂ ಹೌದು ಎಂಬ ಉತ್ತರವೇ ಬರುತ್ತದೆ. ಲಿನಕ್ಸ್‌ನಲ್ಲಿ ನಾವು ಗ್ರೆಪ್ ಹಿಡಿದು ಪರದಾಡುವುದನ್ನು ಅಲ್ಲಿ ಕಮಾಂಡೇ ನೋಡಿಕೊಳ್ಳುತ್ತದೆ.

ಅಂಕಣಕಾರರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಮುಂದಿನ ಬಾರಿ ಅದೇ ಉತ್ತರವನ್ನು ಮತ್ತೆ ಪ್ರಕಟಿಸುವ ಸಂದರ್ಭ ಬಂದರೆ, ಕಾಣದಿದ್ದರೆ ಲೋಡ್ ಆಗಿಲ್ಲ ಎಂಬ ಸಾಲಿನ ಮುಂದೆ, ಅಥವಾ ಕರ್ನಲ್‌ನೊಳಗೇ ಇದೆ ಎಂದು ಸೇರಿಸಲಿ, ಮತ್ತು ಗ್ರೆಪ್‌ಗೆ ಕೊಡುವ ಹೆಸರನ್ನು ಸಾಲಿನ ಆರಂಭಕ್ಕೆ ಕಟ್ಟಿ ತೋರಿಸಲಿ. ಪ್ರಶ್ನೆ ಕೇಳಿದ ಓದುಗರು ಯಾವ ಮಾಡ್ಯೂಲ್ ಯಾವ ಕೆಲಸಕ್ಕೆ ಬೇಕೆಂದು ತಿಳಿಸಿದ್ದರೆ ಇನ್ನೂ ನೇರವಾದ ಉತ್ತರ ಕೊಡಬಹುದಿತ್ತು. ನನ್ನ ಆ ಸ್ಕ್ರಿಪ್ಟಿನಲ್ಲಿ ಈಗ ಎಲ್‌ಎಸ್‌ಮಾಡ್ ಇಲ್ಲ, ಗ್ರೆಪ್ ಕೂಡ ಇಲ್ಲ. ಟನ್ ಲೋಡ್ ಮಾಡು ಎಂಬ ಒಂದು ಸಾಲಿದೆ, ಅದರ ಕೆಳಗೆ ಆ ಸಾಧನ ಕಡತವನ್ನು ತೆರೆದು ನೋಡು, ತೆರೆಯದಿದ್ದರೆ ಬಾಗಿಲು ಮುಚ್ಚದೆ ನಿಲ್ಲು ಎಂಬ ಇನ್ನೊಂದು ಸಾಲಿದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸಿಸ್ಟಮ್ ಅಡ್ಮಿನ್